ಮದಕದ ಕೋಡಿಗೆ ತಡಿಕೆ ಕಟ್ಟಿದ ಮಳೆಗಾಲ

ಮೊನ್ನೆ ಪಾಣೆಮಂಗಳೂರಿನ ಪೇಟೆಯಲ್ಲಿ ಮೀನು ಮಾರುವವನ ಜೊತೆ ನನಗೆ ಸಣ್ಣ ಜಗಳವಾಯಿತು. ಮೊದಲ ಮಳೆ ಆಗಷ್ಟೇ ಬಿದ್ದಿತ್ತು. ಅವನ ಬುಟ್ಟಿಯಲ್ಲಿ ಕೆಸರು ವಾಸನೆಯ ಮುಗುಡು ಮೀನುಗಳು ಇನ್ನೂ ಮೀಸೆ ಆಡಿಸುತ್ತಿದ್ದವು. ನಾನು ಒಂದೊಂದನ್ನೇ ಎತ್ತಿ, ಹೊಟ್ಟೆ ಒತ್ತಿ ನೋಡಿ, ಮೊಟ್ಟೆ ತುಂಬಿದ್ದನ್ನು ಬುಟ್ಟಿಗೇ ಹಿಂದಕ್ಕೆ ಹಾಕುತ್ತಿದ್ದೆ.

"ಎಂತ ಅಕ್ಕ, ಎಲ್ಲರೂ ಮೊಟ್ಟೆ ಇರುವುದನ್ನೇ ಹುಡುಕಿ ತಗೊಳ್ತಾರೆ. ನೀವು ಅದನ್ನೇ ಬಿಡ್ತೀರಲ್ಲ?"

"ನನಗೆ ಬೇಡ."

"ಬೇಡದಿದ್ರೆ ಒತ್ತಬೇಡಿ ಮಾರಾಯ್ರೆ. ನೀವು ಒತ್ತಿ ಒತ್ತಿಯೇ ಅರ್ಧ ಮೀನು ಸಾಯ್ತದೆ."

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಅವನ ಬುಟ್ಟಿಗೆ ಹಿಂದಕ್ಕೆ ಹಾಕಿದ ಮೀನು ಇನ್ನೊಬ್ಬರ ಬಾಣಲೆಗೆ ಹೋಗುತ್ತದೆಯೇ ಹೊರತು ನೀರಿಗಲ್ಲ. ಆದರೂ ಅಭ್ಯಾಸ. ಮನೆಗೆ ಬಂದು ಸಾಬೂನು ಹಾಕಿ ತೊಳೆದರೂ ಕೈಯ ಆ ಕೆಸರು ವಾಸನೆ ಹೋಗಲಿಲ್ಲ. ಅದರ ಹಿಂದೆಯೇ ಒಂದು ಇಡೀ ಮಳೆಗಾಲ ಬಂದು ಅಡುಗೆಮನೆಯಲ್ಲಿ ಕೂತಿತು.

ತೊಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಹೋದದ್ದು ಅಳದಂಗಡಿಯಿಂದ ಸ್ವಲ್ಪ ಒಳಗಿನ ಒಂದು ಊರಿಗೆ. ಗಂಡ ಸೌದಿಯಲ್ಲಿದ್ದರು. ಮಾವನಿಗೆ ಬೆಳ್ತಂಗಡಿಯಲ್ಲಿ ಜೀನಸಿನ ಅಂಗಡಿ. ಬೆಳಗ್ಗೆ ಹೋದರೆ ಕತ್ತಲಾಗುವಾಗ ಬರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ನನ್ನ ಅತ್ತೆ ಐಸುಮ್ಮ, ನಾನು ಮತ್ತು ಆ ವರ್ಷ ಇನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದ ನನ್ನ ಮಗಳು.

ಆ ಮನೆಯ ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಹುಲ್ಲು ಬೆಳೆದ ಮಣ್ಣಿನ ದಂಡೆ, ನಮ್ಮ ಮನೆಯ ಹೆಂಚಿನ ಮಾಡಿಗಿಂತ ಎತ್ತರ. ದಂಡೆಯ ಆಚೆ ನೀರು. ಎರಡು ಗುಡ್ಡಗಳ ನಡುವಿನ ತಗ್ಗಿಗೆ ಅಡ್ಡವಾಗಿ ಮಣ್ಣು ಹೇರಿ ಮಳೆನೀರು ನಿಲ್ಲಿಸುವ ಇಂಥ ಕೆರೆಗೆ ನಮ್ಮ ಕಡೆ ಮದಕ ಎನ್ನುತ್ತಾರೆ. ನಾನು ನೇತ್ರಾವತಿಯ ಬದಿಯಲ್ಲಿ ಹುಟ್ಟಿ ಬೆಳೆದವಳು, ನೆರೆ ಕಂಡವಳು. ಆದರೆ ನಮ್ಮಲ್ಲಿ ನೀರು ಕೆಳಗಿರುತ್ತದೆ, ಕೋಪ ಬಂದಾಗ ಮಾತ್ರ ಮೇಲೆ ಬರುತ್ತದೆ. ಇಲ್ಲಿ ವರ್ಷದ ಮುಕ್ಕಾಲು ಭಾಗ ತಲೆಯ ಮೇಲೇ ಕೂತಿರುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಅತ್ತೆಯನ್ನು ಕೇಳಿದ್ದೆ, ಇದು ಒಡೆದರೆ ಎಂತ ಮಾಡುವುದು ಎಂದು.

ಐಸುಮ್ಮ ನನ್ನನ್ನು ದಂಡೆಯ ಬುಡಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿ ಹುಲ್ಲಿನ ಬುಡದಿಂದ ಸಣ್ಣಗೆ ನೀರು ಜಿನುಗುತ್ತಿತ್ತು. "ಮಣ್ಣಿನ ಕಟ್ಟೆ ಅಂದಮೇಲೆ ಜಿನುಗದೆ ಇರ್ಲಿಕ್ಕಿಲ್ಲ. ತಿಳಿನೀರು ಬಂದ್ರೆ ಅದು ನೆಂಟ, ಬರ್ಲಿ, ಹೋಗ್ಲಿ. ಕೆಂಪು ನೀರು ಬಂದ್ರೆ ಕಳ್ಳ. ಒಳಗಿನ ಮಣ್ಣು ಕದ್ಕೊಂಡು ಬರ್ತಾ ಉಂಟು ಅಂತ ಲೆಕ್ಕ. ಆಗ ಮಾತಾಡ್ತಾ ನಿಲ್ಲಬೇಡ, ಓಡು."

ಅಂದಿನಿಂದ ಮಳೆಗಾಲದ ಪ್ರತಿ ಬೆಳಗ್ಗೆ ಹಲ್ಲುಜ್ಜುತ್ತಾ ಆ ನೀರಿನ ಬಣ್ಣ ನೋಡುವುದು ನನ್ನ ಕೆಲಸವಾಯಿತು.

ಮದಕ ಸರಕಾರದ್ದಲ್ಲ, ಪಂಚಾಯತಿಯದ್ದೂ ಅಲ್ಲ. ಅದು ಗುಡ್ಡದ ಬದಿಯ ದೊಡ್ಡಮನೆಯವರದ್ದು, ಜೈನರದ್ದು. ಆಗ ಅಲ್ಲಿ ಸುನಂದಮ್ಮ ಒಬ್ಬರೇ ಇದ್ದರು. ಮಗನ ವ್ಯಾಪಾರವೆಲ್ಲ ಮೂಡಬಿದ್ರೆಯಲ್ಲಿ, ಬಂದು ಹೋಗಿ ಮಾಡುತ್ತಿದ್ದ. ಆ ನೀರಿಗೆ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ, ಕಲ್ಲು ಎಸೆಯುವಂತಿಲ್ಲ. ಹಾಗಾಗಿ ಸುತ್ತಲಿನ ಜೀವಗಳೆಲ್ಲ ಅಲ್ಲಿಗೇ ಬಂದು ಸೇರಿದ್ದವು. ಸಿಳ್ಳೆಬಾತುಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು, ಆಮೆಗಳು ದಂಡೆಯ ಮೇಲೆ ಬಿಸಿಲಿಗೆ ಮಲಗುತ್ತಿದ್ದವು. ಒಮ್ಮೆ ನೀರುನಾಯಿಗಳ ಸಂಸಾರವೇ ಬಂದು ಕೆಲವು ದಿನ ಮೀನು ತಿಂದು ಹೋಯಿತು. "ಅವುಗಳಿಗೆ ಮಾತ್ರ ಸುನಂದಮ್ಮ ಉಪದೇಶ ಮಾಡುವುದಿಲ್ಲ" ಎಂದು ಐಸುಮ್ಮ ಹೊಟ್ಟೆ ಉರಿಸಿಕೊಂಡಿದ್ದರು.

ಯಾಕೆಂದರೆ ನಮ್ಮ ಅತ್ತೆಗೆ ಮೀನೆಂದರೆ ಪ್ರಾಣ. ಅದಕ್ಕೂ ಒಂದು ದಾರಿಯಿತ್ತು. ಮದಕ ತುಂಬಿದಾಗ ಹೆಚ್ಚಾದ ನೀರು ಹೊರಬೀಳಲಿಕ್ಕೆ ಗುಡ್ಡದ ಕಡೆಯ ತುದಿಯಲ್ಲಿ ಮುರಕಲ್ಲು ಕಟ್ಟಿದ ಒಂದು ಬಾಯಿ ಇತ್ತು, ಅದೇ ಕೋಡಿ. ನೀರಿನ ಜೊತೆ ಕೋಡಿಯಿಂದ ಕೆಳಗೆ ಬಿದ್ದ ಮೀನು ನಮ್ಮದು, ಮೇಲಿದ್ದದ್ದು ಸುನಂದಮ್ಮನವರದ್ದು. ಇದನ್ನು ಯಾರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಹಾಗೆಯೇ ನಡೆದು ಬಂದಿತ್ತು. ಹಲಸಿನ ಹಣ್ಣು ಮೇಲಿನಿಂದ ಕೆಳಗೆ ಬರುತ್ತಿತ್ತು, ಹಬ್ಬದ ಖರ್ಜೂರ ಕೆಳಗಿನಿಂದ ಮೇಲೆ ಹೋಗುತ್ತಿತ್ತು. ಇಬ್ಬರು ಮುದುಕಿಯರೂ ದಂಡೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ ಲೋಕದ ಸೊಸೆಯಂದಿರನ್ನೆಲ್ಲ ತೂಗಿ ನೋಡುತ್ತಿದ್ದರು.

ಆ ವರ್ಷ ಕೋಡಿ ಹರಿದ ಮೊದಲ ದಿನ ಸುನಂದಮ್ಮ ಬಸದಿಯಿಂದ ನಮ್ಮ ಅಂಗಳದ ದಾರಿಯಾಗಿ ಬಂದರು. ಐಸುಮ್ಮ ಜಗಲಿಯ ಕೆಳಗೆ ಕೂತು ಬೂದಿ ಹಚ್ಚಿ ಮುಗುಡು ಶುಚಿ ಮಾಡುತ್ತಿದ್ದರು. ಪಕ್ಕದ ತಟ್ಟೆಯಲ್ಲಿ ಮೊಟ್ಟೆಯ ರಾಶಿ. ಬೇರೆ ದಿನವಾದರೆ ಸುನಂದಮ್ಮ ಮುಖ ಆಚೆ ಮಾಡಿ ಹೋಗುತ್ತಿದ್ದರು. ಅಂದು ಕಣ್ಣು ಬಿತ್ತು.

"ಅದು ಎಂತದ್ದು ಐಸುಮ್ಮಾ?"

"ಮೊಟ್ಟೆ ಅಮ್ಮ."

"ಇಷ್ಟೂ? ಒಂದರ ಹೊಟ್ಟೆಯಲ್ಲಿ?"

"ಹೌದು. ಈಗ ಮೊಟ್ಟೆ ಇಡುವ ಸಮಯ ಅಲ್ವಾ? ಇದನ್ನು ಸ್ವಲ್ಪ ಮೆಣಸು ಹಾಕಿ ಹುರಿದ್ರೆ..." ಎಂದವರು ಯಾರೊಡನೆ ಮಾತಾಡುತ್ತಿದ್ದೇನೆಂದು ನೆನಪಾಗಿ ನಿಲ್ಲಿಸಿದರು.

ಸುನಂದಮ್ಮ ಕೈಯಲ್ಲಿದ್ದ ಕೊಡೆ ಬಿಚ್ಚಲೂ ಮರೆತು ಮಳೆಯಲ್ಲೇ ಗುಡ್ಡ ಹತ್ತಿಹೋದರು.

ಅದೇ ವಾರ ಕೋಡಿಗೆ ತಡಿಕೆ ಬಂತು. ಬಿದಿರು ಸೀಳಿ ಹೆಣೆದದ್ದು. ಮರಿಮೀನೂ ನುಸುಳಬಾರದೆಂದು ಹೇಳಿ, ಸುನಂದಮ್ಮ ಕಣ್ಣು ಸಣ್ಣದಾಗಿ ಹೆಣೆಸಿದ್ದರು. ಅಡ್ಡಕ್ಕೆ ಒಂದು ಅಡಿಕೆ ಮರದ ಕಾಂಡ ಇಟ್ಟು, ಅದನ್ನು ಕೋಡಿಯ ಎರಡೂ ಬದಿಯ ಗೋಡೆಗೆ ದಪ್ಪ ಹುರಿಹಗ್ಗದಿಂದ ಬಿಗಿಸಿ, ತಡಿಕೆಯನ್ನು ಅದಕ್ಕೆ ಒರಗಿಸಿ ಕಟ್ಟಿದ್ದರು. ನೀರು ಹೋಗಲಿ, ಜೀವ ಉಳಿಯಲಿ ಎಂಬ ಆಸೆ. ಮನಸ್ಸು ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸಿಗೆ ಕೆಲವೊಮ್ಮೆ ಕಣ್ಣಿರುವುದಿಲ್ಲ.

"ಕೋಡಿಗೆ ಬೇಲಿ ಹಾಕಿದವರನ್ನು ನಾನು ಮೊದಲ ಸಲ ನೋಡುವುದು. ನಾಳೆ ಆಕಾಶಕ್ಕೂ ಕೊಡೆ ಹಿಡಿತಾರೆ" ಎಂದರು ಐಸುಮ್ಮ. ಮಾತು ನಿಂತಿತು. ಹಲಸಿನ ಹಣ್ಣು ನಿಂತಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆ ನಮ್ಮ ದಂಡೆಯ ಮೇಲೆ ನಡೆಯುತ್ತಿತ್ತು.

ಕಸ ಕಟ್ಟಿಕೊಂಡರೆ ನೀರು ಎಲ್ಲಿಗೆ ಹೋಗಬೇಕು ಎಂದು ಮಾವ ಒಂದು ರಾತ್ರಿ ಊಟದ ಹೊತ್ತಿಗೆ ಕೇಳಿದರು. ನಾವು ಮೂವರೂ ತಟ್ಟೆ ನೋಡಿದೆವು. ಪ್ರಶ್ನೆ ಮೂವರ ಮನಸ್ಸಿನಲ್ಲೂ ಇತ್ತು.

"ಒಮ್ಮೆ ಹೋಗಿ ಹೇಳಿ ಮಾಮಿ" ಎಂದೆ ನಾನು.

"ಹೇಗೆ ಹೇಳುವುದು? ಮೀನಿನ ಆಸೆಗೆ ಹೇಳ್ತಾರೆ ಅಂತ ತಿಳ್ಕೊಳ್ತಾರೆ. ನನಗೆ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ."

ಅದು ನಿಜವಾಗಿತ್ತು. ನಾವು ಯಾರು ಹೇಳಿದರೂ ಬಾಯಲ್ಲಿ ಮುಗುಡಿನ ವಾಸನೆ ಬರುತ್ತಿತ್ತು. ಪ್ರಾಣಕ್ಕೆ ಸಂಬಂಧಪಟ್ಟ ಒಂದು ಮಾತನ್ನು ಮಾನಕ್ಕೆ ಅಂಜಿ ನುಂಗಿಕೊಂಡು ನಾವು ಜೂನ್ ಕಳೆದೆವು, ಜುಲೈ ಕಳೆದೆವು. ಸುನಂದಮ್ಮ ದಿನಾ ಬೆಳಗ್ಗೆ ಒಬ್ಬ ಆಳಿನಿಂದ ತಡಿಕೆಯ ಕಸ ತೆಗೆಸುತ್ತಿದ್ದರು. ಹಾಗಾಗಿ ಅಲ್ಲಿಯವರೆಗೆ ನೀರು ಹರಿಯಿತು.

ಆಟಿ ತಿಂಗಳು ಮುಗಿಯುತ್ತಾ ಬಂತು. ತುಳುನಾಡಿನ ಆಟಿಯ ಮಳೆಗೆ ಹಗಲೂ ರಾತ್ರಿಯೂ ಒಂದೇ. ಹಗ್ಗ ಕಟ್ಟಿ ಒಣಹಾಕಿದ ಮಗುವಿನ ಬಟ್ಟೆಗಳು ಒಲೆಯ ಮೇಲೆ ಹೊಗೆ ಕುಡಿದವೇ ಹೊರತು ಒಣಗಲಿಲ್ಲ. ದೊಡ್ಡಮನೆಯ ಆಳು ಜ್ವರ ಬಂದು ಮಲಗಿದ್ದಾನೆಂದು ಕೇಳಿದ್ದೆವು. ಆ ಶುಕ್ರವಾರ ಬೆಳಗ್ಗೆ ನೀರಿನ ಬಣ್ಣ ನೋಡಿದ್ದೆ, ತಿಳಿಯಾಗಿತ್ತು. ಶುಕ್ರವಾರ ಮಾವ ಅಂಗಡಿಗೆ ಹೋಗುವುದಿಲ್ಲ. ಮಧ್ಯಾಹ್ನಕ್ಕೆ ಮುಂಚೆಯೇ ಅವರು, ಅಕ್ಕಪಕ್ಕದ ನಮ್ಮವರ ಮನೆಗಳ ಗಂಡಸರು, ಎಲ್ಲರೂ ಜುಮಾ ನಮಾಜಿಗೆಂದು ದೂರದ ಮಸೀದಿಗೆ ಹೊರಟರು. ಐಸುಮ್ಮ ಕೋಳಿ ಪದಾರ್ಥಕ್ಕೆ ಮಸಾಲೆ ಅರೆಯುತ್ತಿದ್ದರು. ನಾನು ತೊಟ್ಟಿಲು ತೂಗುತ್ತಿದ್ದೆ.

ಅರೆಯುವ ಕಲ್ಲು ತಟಕ್ಕನೆ ನಿಂತಿತು.

"ಕೇಳ್ತದಾ ನಿನಗೆ?"

"ಎಂತ ಮಾಮಿ? ಮಳೆ ಬಿಟ್ರೆ ಏನೂ ಕೇಳುವುದಿಲ್ಲ."

"ಅದೇ. ಕೋಡಿ ಕೇಳುವುದಿಲ್ಲ."

ಮಳೆಗಾಲದಲ್ಲಿ ಆ ಮನೆಯೊಳಗೆ ಕೋಡಿಯ ಸದ್ದು ಇದ್ದೇ ಇರುತ್ತಿತ್ತು. ನಾವು ಅದರ ಮೇಲೆ ಮಾತಾಡಲು, ಅದರ ಕೆಳಗೆ ನಿದ್ದೆ ಮಾಡಲು ಕಲಿತಿದ್ದೆವು. ಅಂಥ ಮಳೆಯಲ್ಲಿ ಅದು ಬಾಯಿ ಮುಚ್ಚಿದೆಯೆಂದರೆ ನೀರು ಎಲ್ಲಿಗೂ ಹೋಗದೆ ಮೇಲೆಯೇ ನಿಂತಿದೆ ಎಂದರ್ಥ. ನಾನು ಹಿತ್ತಿಲಿಗೆ ಓಡಿದೆ. ದಂಡೆಯ ಬುಡದ ಹುಲ್ಲಿನಿಂದ ನೀರು ಬರುತ್ತಿತ್ತು. ಕೆಂಪಗಿತ್ತು. ಕೆಮ್ಮಣ್ಣಿನ ಕೆಂಪು.

ನಾನು ಕೂಗಿದ್ದು ಕೇಳಿ ಐಸುಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಎತ್ತರದಲ್ಲಿದ್ದ ನೆರೆಯ ಲಿಲ್ಲಿಬಾಯಿಯ ಮನೆಗೆ ಹೋಗಿ ಮಗುವನ್ನು ಕೊಟ್ಟು, ಕೆಳಗಿನ ಮನೆಗಳ ಹೆಂಗಸರನ್ನೂ ಮಕ್ಕಳನ್ನೂ ಮೇಲೆ ಕರೆಸಲು ಹೇಳಿ, ನಾನು ದಂಡೆಗೆ ಓಡಿ ಬರುವಾಗ ಐಸುಮ್ಮ ಕೈಯಲ್ಲಿ ಕತ್ತಿ ಹಿಡಿದು ದಂಡೆಯ ಮೇಲೆ ನಡೆಯುತ್ತಿದ್ದರು. ತೆಂಗಿನಕಾಯಿ ಕೀಳುವ, ಕಟ್ಟಿಗೆ ಕಡಿಯುವ ನಮ್ಮ ಮನೆಯ ಬಾಗಿದ ಕತ್ತಿ.

ದಂಡೆಯ ಮೇಲಿನಿಂದ ಒಂದು ಕಡೆ ನಮ್ಮ ಮಾಡು ಕಾಣುತ್ತಿತ್ತು, ಇನ್ನೊಂದು ಕಡೆ ನೀರು. ನೀರಿಗೂ ದಂಡೆಯ ತಲೆಗೂ ನಡುವೆ ಒಂದು ಗೇಣು ಉಳಿದಿತ್ತೋ ಇಲ್ಲವೋ. ಕೋಡಿಯ ಬಾಯಿಗೆ ಇಡೀ ಮದಕದ ಕಳೆ, ಅಂತರಗಂಗೆ, ಕೊಳೆತ ಎಲೆ, ಮುರಿದ ಕೊಂಬೆ ಬಂದು ತಡಿಕೆಗೆ ಒತ್ತಿಕೊಂಡು ಗೋಡೆಯಾಗಿತ್ತು. ಅದರಾಚೆ ಗುಡ್ಡದ ಬದಿಯ ಗೋಡೆಯ ಮೇಲೆ ಸುನಂದಮ್ಮ ಒಬ್ಬರೇ ನಿಂತು ಉದ್ದದ ಬಿದಿರಿನ ದೋಟಿಯಿಂದ ಕಸ ಎಳೆಯುತ್ತಿದ್ದರು. ಬಿಳಿ ಸೀರೆ ಮೈಗಂಟಿತ್ತು. ಎಳೆದಷ್ಟೂ ಹಿಂದಿನಿಂದ ಇನ್ನಷ್ಟು ಬರುತ್ತಿತ್ತು.

"ಅಮ್ಮಾ, ದಂಡೆ ಕೆಂಪು ಕಾರ್ತಾ ಉಂಟು!" ಎಂದು ಐಸುಮ್ಮ ಈಚೆ ಗೋಡೆಯಿಂದ ಕೂಗಿದರು. ಎರಡು ತಿಂಗಳಲ್ಲಿ ಆಡಿದ ಮೊದಲ ಮಾತು. "ತಡಿಕೆ ಕಡಿಯುವ. ಬೇರೆ ದಾರಿ ಇಲ್ಲ."

"ಸ್ವಲ್ಪ ನಿಲ್ಲು. ಕಸ ತೆಗೀತೇನೆ. ಅಲ್ಲಿ ನೋಡು."

ನೋಡಿದೆವು. ತಡಿಕೆಗೆ ಒತ್ತಿದ್ದ ಆ ಕಳೆಯ ರಾಶಿಯ ಮೇಲೆ ಒಂದು ನೀರುಕೋಳಿ ಕೂತಿತ್ತು. ಕಪ್ಪು ಮೈ, ಹಣೆಯಲ್ಲಿ ಕೆಂಪು. ಕಸ ಸೇರುತ್ತಾ ಬಂದದ್ದನ್ನು ಅದು ನೆಲವೆಂದು ನಂಬಿ ಗೂಡು ಕಟ್ಟಿತ್ತು. ನಾವು ಕಿರುಚುತ್ತಿದ್ದರೂ ಏಳಲಿಲ್ಲ. ಒಮ್ಮೆ ಮೈ ಸರಿಸಿದಾಗ ಅಡಿಯಲ್ಲಿ ಮೊಟ್ಟೆಗಳು ಕಂಡವು.

ಸುನಂದಮ್ಮ ಆಗ ಚಾತುರ್ಮಾಸ ಹಿಡಿದಿದ್ದರು. ಆ ನಾಲ್ಕು ತಿಂಗಳು ಅವರು ಸೊಪ್ಪು ತಿನ್ನುತ್ತಿರಲಿಲ್ಲ, ಸ್ವಂತ ಅಂಗಳದಲ್ಲೂ ನೆಲ ನೋಡಿಯೇ ಕಾಲಿಡುತ್ತಿದ್ದರು, ಇರುವೆ ಸಿಕ್ಕೀತೆಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗೂಡಿನ ಆಚೆಈಚೆ ದೋಟಿ ಹಾಕಿ ಹಾಕಿ ಕಸ ಎಳೆಯುತ್ತಿದ್ದರು. ನನಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಕೆಳಗೆ ನಮ್ಮ ಮಾಡಿನ ಹೆಂಚು ಕಾಣುತ್ತಿತ್ತು. ಅದರಡಿಯಲ್ಲಿ ಖಾಲಿ ತೊಟ್ಟಿಲು.

"ಅಮ್ಮಾ, ನಿಮಗೆ ಮೊಟ್ಟೆ ದೊಡ್ಡದಾ, ನನ್ನ ಮಗು ದೊಡ್ಡದಾ?" ಎಂದು ಕೂಗಿದೆ. ದೊಡ್ಡಮನೆಯವರೊಡನೆ ಆ ಊರಿನಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ. ಇವತ್ತು ಅಲ್ಲಿ ನಿಲ್ಲಿಸಿದರೂ ನಾನು ಅದನ್ನೇ ಕೇಳುತ್ತೇನೆ.

ಅವರು ನನ್ನನ್ನು ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ.

"ದೊಡ್ಡದು ಸಣ್ಣದು ಅಂತ ಅಳೀಲಿಕ್ಕೆ ನನಗೆ ಬರುವುದಿಲ್ಲ ಮಗಾ" ಎಂದರು. ದೋಟಿ ಕೆಳಗಿಟ್ಟು ಮನೆಯತ್ತ ಹೋದರು. ಹೊರಟೇ ಹೋದರೆಂದು ತಿಳಿದೆ. ಆದರೆ ಬೇಗ ಬಂದರು, ಕೈಯಲ್ಲಿ ಅವರ ಮನೆಯ ಕತ್ತಿ.

"ಕತ್ತಿ ಕೆಳಗಿಡು ಐಸುಮ್ಮಾ. ತಡಿಕೆ ಕಟ್ಟಿಸಿದ್ದು ನಾನು. ಈ ಪಾಪ ನನಗೆ ಇರ್ಲಿ. ನಿನಗೆ ಬೇಡ."

"ಅದು ಹೇಗೆ ಆಗ್ತದೆ?" ಐಸುಮ್ಮ ಮುಖದ ನೀರು ಒರೆಸಿಕೊಂಡು ಕೋಡಿಯ ಕಡೆ ಕೈ ತೋರಿಸಿದರು. "ಹಗ್ಗ ಎರಡು ಬದಿಯಲ್ಲಿ ಉಂಟು. ನೀವು ಒಂದೇ ಬದಿ ಕಡಿದ್ರೆ ಮರ ಅಡ್ಡ ತಿರುಗಿ ಕಸ ಅಲ್ಲೇ ಸಿಕ್ಕಿ ಬೀಳ್ತದೆ. ಮತ್ತೆ ದೇವರು ಬಂದ್ರೂ ತೆಗೀಲಿಕ್ಕೆ ಆಗುವುದಿಲ್ಲ. ಎರಡೂ ಒಟ್ಟಿಗೆ ಬೀಳಬೇಕು. ಪಾಪ ಅರ್ಧರ್ಧ ಮಾಡುವ."

ಸುನಂದಮ್ಮ ಬಗ್ಗಿ ಹಗ್ಗದ ಗಂಟು ಹುಡುಕಿದರು. ಐಸುಮ್ಮ ಈಚೆ ಬದಿ ಮೊಣಕಾಲೂರಿ ಕೂತರು. ನಡುವೆ ಕಸದ ಗೋಡೆ ಇದ್ದುದರಿಂದ ಬಗ್ಗಿದ ಮೇಲೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಇಬ್ಬರೂ ಕಾಣುತ್ತಿದ್ದದ್ದು ದಂಡೆಯ ಮೇಲೆ ನಿಂತಿದ್ದ ನನಗೆ ಮಾತ್ರ.

"ನೀನು ಹೇಳು" ಎಂದರು ಸುನಂದಮ್ಮ. "ನೀನು ಹೇಳಿದಾಗ ಕಡೀತೇವೆ."

ಸಿಟ್ಟಿನಲ್ಲಿ ಕೂಗುವುದು ಸುಲಭವಾಗಿತ್ತು. ಈ ಮಾತು ಹಾಗಿರಲಿಲ್ಲ. ನೀರುಕೋಳಿ ನನ್ನನ್ನೇ ನೋಡುತ್ತಿತ್ತು, ಅಥವಾ ನನಗೆ ಹಾಗೆ ಅನಿಸಿತು. ನನ್ನ ಕಾಲಿನ ಪಕ್ಕದಲ್ಲಿ, ದಂಡೆಯ ತಲೆಯ ಮೇಲಿನ ಒಂದು ತಗ್ಗಿನಲ್ಲಿ, ನೀರಿನ ತೆಳು ನಾಲಿಗೆಯೊಂದು ಹುಲ್ಲನ್ನು ದಾಟಿ ನಮ್ಮ ಮನೆಯ ಕಡೆಗೆ ಇಳಿಯಲು ಶುರುಮಾಡಿತು.

"ಕಡೀರಿ!"

ಎರಡು ಕತ್ತಿಗಳೂ ಬಿದ್ದವು. ಹಗ್ಗ ನೆನೆದು ಗಟ್ಟಿಯಾಗಿತ್ತು. ಮತ್ತೆ ಕೂಗಿದೆ, ಮತ್ತೆ ಬಿದ್ದವು. ಮೂರನೆಯ ಸಲ ಅಡಿಕೆಯ ಕಾಂಡ ಕೋಡಿಯಿಂದ ಹಾರಿದಂತೆ ಹೊರಬಿತ್ತು. ತಡಿಕೆ ಮಡಚಿಕೊಂಡು ಹೋಯಿತು. ಕಳೆಯ ರಾಶಿ ಒಮ್ಮೆ ಅಲ್ಲೇ ನಿಂತು ಯೋಚಿಸಿದಂತಿತ್ತು. ಕೊನೆಯ ಗಳಿಗೆಯಲ್ಲಿ ಹಕ್ಕಿ ಎದ್ದು ನೀರಿನ ಮೇಲೆ ಓಡುತ್ತಾ ಹೋಯಿತು. ಗೂಡು ಹಾಗೆಯೇ ಕೋಡಿಯ ಬಾಯಿಗೆ ಇಳಿಯಿತು. ಕೆಳಗೆ ಮುರಕಲ್ಲಿನ ಮೇಲೆ ಏನಾಯಿತೆಂದು ನಾನು ನೋಡಲಿಲ್ಲ. ಸುನಂದಮ್ಮ ನೋಡಿದರು.

ಆಮೇಲೆ ಕೋಡಿ ಕೂಗತೊಡಗಿತು. ಅಷ್ಟು ಸಂತೋಷದಿಂದ ನಾನು ಯಾವ ಸದ್ದನ್ನೂ ಕೇಳಿಲ್ಲ. ದಂಡೆ ದಾಟುತ್ತಿದ್ದ ನೀರಿನ ನಾಲಿಗೆ ಹಿಂದಕ್ಕೆ ಹೋಯಿತು. ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತುಬಿಟ್ಟೆ.

ನೀರಿನ ಜೊತೆ ಮೀನೂ ಬಿತ್ತು. ಎರಡು ತಿಂಗಳು ತಡಿಕೆಯ ಹಿಂದೆ ಕಾದಿದ್ದ ಮೀನು, ಕಲ್ಲುಗಳ ನಡುವೆ ಬಿದ್ದು ಹೊರಳುತ್ತಿತ್ತು. ಸುನಂದಮ್ಮ ಅದನ್ನು ನೋಡುತ್ತಾ ಹೇಳಿದರು, "ಹೆಕ್ಕಿಕೋ ಐಸುಮ್ಮಾ. ಹೇಗೂ ಸಾಯ್ತವೆ."

ಐಸುಮ್ಮ ಅಲುಗಾಡಲಿಲ್ಲ. "ನೀವು ನೋಡ್ತಾ ಇರುವಾಗ ನನಗೆ ಕೈ ಬರುವುದಿಲ್ಲ ಅಮ್ಮ."

ಆ ಹೊತ್ತಿಗೆ ಗಂಡಸರು ಮಸೀದಿಯಿಂದ ಕೊಡೆ ಹಿಡಿದು ಮಾತಾಡುತ್ತಾ ಬಂದರು. ದಂಡೆಯ ಮೇಲೆ ಕೆಸರಾದ ಮೂವರು ಹೆಂಗಸರನ್ನು ಕಂಡು ಮಾವ ಓಡಿ ಬಂದು ಎಂತ ಆಯ್ತು ಎಂದು ಕೇಳಿದರು. "ಎಂತ ಇಲ್ಲ. ಕೋಳಿ ಪದಾರ್ಥ ಇನ್ನೂ ಆಗ್ಲಿಲ್ಲ" ಎಂದು ಹೇಳಿ ಐಸುಮ್ಮ ಕೆಳಗಿಳಿದರು. ಅವರ ಕತ್ತಿಯ ಹಿಡಿಯಲ್ಲಿ ರಕ್ತವಿತ್ತು, ಅಂಗೈ ಒಡೆದಿತ್ತು. ಬುಡದ ನೀರು ಸಂಜೆಯವರೆಗೂ ಕೆಂಪಾಗಿಯೇ ಬಂದು ನಿಧಾನವಾಗಿ ತಿಳಿಯಾಯಿತು. ಮರುದಿನ ಮಾವ ಜನ ಕರೆದುಕೊಂಡು ಬಂದು, ದಂಡೆಯ ಬುಡಕ್ಕೆ ಮರಳು ತುಂಬಿದ ಗೋಣಿಗಳನ್ನು ಒತ್ತಿಟ್ಟು ಭದ್ರ ಮಾಡಿಸಿದರು. ಅಲ್ಲಿಯವರೆಗೆ ನಾನು ಮಗುವನ್ನು ಲಿಲ್ಲಿಬಾಯಿಯ ಮನೆಯಿಂದ ತರಲಿಲ್ಲ.

ಆ ಮಳೆಗಾಲ ಮುಗಿಯುವವರೆಗೂ ಐಸುಮ್ಮ ಕೋಡಿಯ ಕೆಳಗೆ ಹೋಗಲಿಲ್ಲ. ಸುನಂದಮ್ಮ ದಂಡೆಗೆ ಬರುತ್ತಿದ್ದರು, ನೀರುಕೋಳಿ ಕೂಗುವುದನ್ನು ಕೇಳುತ್ತಾ ನಿಂತು ಹಿಂತಿರುಗುತ್ತಿದ್ದರು. ಹಲಸಿನ ಕಾಲ ಮುಗಿದಿತ್ತು. ಇಬ್ಬರೂ ಎದುರಾದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಜಗಳವಿದ್ದಾಗಿನ ಮೌನಕ್ಕಿಂತ ಇದು ಭಾರವಾಗಿತ್ತು ಎಂದು ನನಗೆ ಅನಿಸುತ್ತದೆ.

ಮರುವರ್ಷ ಮದಕ ಬೇಗ ತುಂಬಿತು. ಒಂದು ಬೆಳಗ್ಗೆ ಕೋಡಿಯ ಸದ್ದು ಕೇಳಿದಾಗ ಐಸುಮ್ಮ ಅಡುಗೆಮನೆಯಲ್ಲಿ ಬುಟ್ಟಿ ತೆಗೆದರು, ಇಟ್ಟರು, ಮತ್ತೆ ತೆಗೆದರು. ನಾನು ಮಗಳನ್ನು ಎತ್ತಿಕೊಂಡು ಅವರ ಹಿಂದೆ ಹೋದೆ.

ತಡಿಕೆ ಇರಲಿಲ್ಲ. ಕೋಡಿಯ ಪಕ್ಕದಲ್ಲಿ, ಗುಡ್ಡದ ಬದಿಯ ಗೋಡೆಯ ಮೇಲೆ, ಸುನಂದಮ್ಮ ಆಗಲೇ ಬಂದು ನಿಂತಿದ್ದರು. ಕೊಡೆ ಬಿಚ್ಚಿಕೊಂಡು, ನಮಗೆ ಬೆನ್ನು ಹಾಕಿ, ಮದಕದ ನೀರಿನ ಕಡೆ ಮುಖ ಮಾಡಿ ನಿಂತಿದ್ದರು. ನಾವು ಬಂದದ್ದು ಗೊತ್ತಾಗಿರಬೇಕು. ತಿರುಗಲಿಲ್ಲ.

ಐಸುಮ್ಮನ ಕಣ್ಣು ತುಂಬಿತು. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಲೆಯ ಬಟ್ಟೆಯಲ್ಲಿ ಮೂಗು ಒರೆಸಿಕೊಂಡು, ಕಲ್ಲುಗಳ ನಡುವೆ ಇಳಿದು ಒಂದು ಮುಗುಡು ಹಿಡಿದರು. ಹೊಟ್ಟೆ ಒತ್ತಿ ನೋಡಿದರು. ಬುಟ್ಟಿಗೆ ಹಾಕಲಿಲ್ಲ. ಮೊಟ್ಟೆ ತುಂಬಿದ್ದ ಆ ಮೀನನ್ನು ಕೈ ಬೀಸಿ ಗೋಡೆಯ ಆಚೆಗೆ, ಮದಕಕ್ಕೆ ಎಸೆದರು. ಅದು ಸುನಂದಮ್ಮನ ಎದುರಿಗೇ ನೀರಿಗೆ ಬಿತ್ತು. ಇನ್ನೊಂದು ಹಿಡಿದರು, ಒತ್ತಿದರು, ಎಸೆದರು.

"ಬಿದ್ದದ್ದು ಎಂತದ್ದು ಐಸುಮ್ಮಾ?" ಎಂದು ಸುನಂದಮ್ಮ ಬೆನ್ನು ತಿರುಗಿಸದೆಯೇ ಕೇಳಿದರು.

"ನಿಮ್ಮ ಪಾಲು ಅಮ್ಮ."

ಅವರು ಆಗಲೂ ತಿರುಗಲಿ‌ಲ್ಲ. ಗಾಳಿ ಇರಲಿಲ್ಲ, ಆದರೂ ಅವರ ಕೊಡೆ ಅಲ್ಲಾಡುತ್ತಿತ್ತು.